ಮೂರು ಮಾರಿನ ದೋಣಿ

ಅಳಿಯನ ತಲೆಗೆ ದೋಣಿಯ ಹುಳ ಹೊಕ್ಕ ದಿನ ಟೈಲರಮ್ಮ ನಕ್ಕಿದ್ದೇ ನಕ್ಕಿದ್ದು. ಆತ ಲಿಫ್ಟ್ ರಿಪೇರಿ ಮಾಡುವವನು. ಊರಿನ ಯಾವ ಕಟ್ಟಡದಲ್ಲಿ ಲಿಫ್ಟ್ ಸಿಕ್ಕಿಕೊಂಡರೂ ಅವನಿಗೇ ಫೋನು. ಅಂಥವನು ರಜೆಯ ದಿನ ಊಟದ ಮೇಜಿನ ಮೇಲೆ ಫೋನಿಟ್ಟು, ಎರಡು ಬೆರಳಿಂದ ಚಿತ್ರ ಹಿಗ್ಗಿಸಿ, ಮನೆಯಲ್ಲೇ ದೋಣಿ ಕಟ್ಟುತ್ತೇನೆ ಎಂದರೆ ಯಾರಿಗೆ ನಗು ಬಾರದು?

"ಲಿಫ್ಟಿನೋರಿಗೆ ದೋಣಿ ಯಾತಕ್ಕೆ ಅಳಿಯಂದ್ರೆ?"

"ಅದಕ್ಕೇ ಅತ್ತೆ! ಕೆಲಸಕ್ಕೆ ಸೇರಿದಾಗಿಂದ ಮೇಲೆ ಹೋಗು, ಕೆಳಗೆ ಬಾ. ಮೇಲೆ ಹೋಗು, ಕೆಳಗೆ ಬಾ. ಒಂದ್ಸಲ ಆದ್ರೂ ಉದ್ದಕ್ಕೆ ಹೋಗ್ಬೇಕು ಅನ್ಸಲ್ವಾ ಮನುಷ್ಯನಿಗೆ?"

ಟೈಲರಮ್ಮನ ಮಗಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸ ಅವಳದು. ಮಂದಿಯ ಒಳಗನ್ನು ನೋಡಿ ನೋಡಿ ಗಂಡನ ಒಳಗೂ ಅವಳಿಗೆ ಚೆನ್ನಾಗಿ ಕಾಣುತ್ತಿತ್ತು. "ಶೆಡ್ಡಲ್ಲಿ ಅರ್ಧಕ್ಕೆ ಬಿಟ್ಟ ಸೈಕಲ್ ಇದೆ, ಅರ್ಧಕ್ಕೆ ಬಿಟ್ಟ ಕಪಾಟಿದೆ. ಇನ್ನು ಅರ್ಧ ದೋಣಿ ಒಂದು ಕಡಿಮೆ ಇತ್ತು. ಆರಂಭಶೂರ ಅನ್ನೋ ಮಾತನ್ನ ನಿಮ್ಮನ್ನ ನೋಡೇ ಮಾಡಿರಬೇಕು ರೀ," ಎಂದಳು.

ಅಳಿಯ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಇದು ಕಯಾಕ್ ಅಂತೆ, ಮೊಳೆ ಬೇಡವಂತೆ. ಬೆರಳು ದಪ್ಪದ ಮರದ ಪಟ್ಟಿಗಳನ್ನು ದಾರದಲ್ಲೇ ಬಿಗಿದು ಎಲುಬುಗೂಡಿನ ಹಾಗೆ ಕಟ್ಟಿ, ಮೇಲೆ ಬಟ್ಟೆ ಹೊಲಿದು, ಬಟ್ಟೆಗೆ ಬಣ್ಣದೆಣ್ಣೆ ಕುಡಿಸಿದರೆ ಮುಗಿಯಿತಂತೆ. ಒಬ್ಬರೇ ಹೆಗಲ ಮೇಲೆ ಹೊತ್ತು ನಡೆಯುವಷ್ಟು ಹಗುರವಂತೆ.

ಟೈಲರಮ್ಮನ ನಗು ಅಲ್ಲಿಗೆ ನಿಂತಿತು. "ಏನಂದ್ರಿ? ಬಟ್ಟೆ ಹೊಲೀಬೇಕಾ?"

"ಅದು ನಿಮ್ಮ ಕೆಲಸ ಅತ್ತೆ. ನಿಮ್ಮನ್ನ ಬಿಟ್ರೆ ಇನ್ಯಾರಿದ್ದಾರೆ?"

ನೋಡಿ, ಒಂದು ಮಾತನ್ನು ಈಗಲೇ ಹೇಳಿಬಿಡಬೇಕು. ಟೈಲರಮ್ಮನಿಗೆ ನೀರೆಂದರೆ ಪ್ರಾಣ. ತವರುಮನೆಯ ಹಿತ್ತಲಿಗೆ ಹೊಳೆ ಹತ್ತಿಕೊಂಡಿತ್ತು. ಲಂಗ ಎತ್ತಿ ಕಟ್ಟಿ ಧುಮುಕಿದರೆ ಆಚೆ ದಡ ಮುಟ್ಟಿಯೇ ಹಿಂದೆ ನೋಡುತ್ತಿದ್ದ ಹುಡುಗಿ ಆಕೆ. ಆಮೇಲೆ ಮದುವೆ, ಹೊಲಿಗೆ ಮಿಷನ್ನು, ಗಿರಾಕಿಗಳು, ಗಂಡನ ಕಾಯಿಲೆ, ಗಂಡನ ಸಾವು. ಈಗ ಮಗಳ ಮನೆಯಲ್ಲಿ ನೀರು ನಲ್ಲಿಯಲ್ಲಿ ಬರುತ್ತದೆ, ಬಚ್ಚಲಲ್ಲಿ ಜಾರದಿರಲೆಂದು ರಬ್ಬರಿನ ಚಾಪೆ ಹಾಸಿದೆ. ಸೊಂಟ ಮುರಿದ ಮುದುಕಿಯರನ್ನು ದಿನವೂ ಎಕ್ಸ್-ರೇ ಮಿಷನ್ನಿನ ಕೆಳಗೆ ಮಲಗಿಸುವ ಮಗಳು ತಾಯಿಗೆ ಸ್ಟೂಲು ಹತ್ತಲೂ ಬಿಡುವವಳಲ್ಲ. ದೋಣಿ ಎಂಬ ಮಾತು ಬಿದ್ದಾಗ ಟೈಲರಮ್ಮ ನಕ್ಕಿದ್ದು ಮೇಲೆ ಮೇಲೆ. ಒಳಗೆ ಏನೋ ಎದ್ದು ಕೂತಿತ್ತು.

ಪಟ್ಟಿಗಳು ಬಂದವು. ಸೈಕಲ್ಲೂ ಕಪಾಟೂ ಮೂಲೆ ಸೇರಿ, ಶೆಡ್ಡಿನ ತುಂಬ ಹಸಿ ಮರದ ವಾಸನೆ ತುಂಬಿಕೊಂಡಿತು. ಮರದ ಉದ್ದ ಆಳಕ್ಕೆ ಟೇಪು ಬೇಡ ಎಂದ ಅಳಿಯ. "ಒಂದೊಂದು ದೋಣಿ ಒಬ್ಬೊಬ್ಬರ ಮೈಗೆ ಅತ್ತೆ, ಅಂಗಿ ಇದ್ದಂಗೆ. ಉದ್ದ ಮೂರು ಮಾರು. ಆಳ, ಹೆಬ್ಬೆರಳು ಎತ್ತಿದ ಒಂದು ಮುಷ್ಟಿ. ಕೂರೋ ಬಾಯಿ, ಸೊಂಟದ ಆಕಡೆ ಈಕಡೆ ಒಂದೊಂದು ಬೆರಳು ಜಾಗ ಬಿಟ್ಟು."

ಎರಡೂ ಕೈ ಅಗಲಕ್ಕೆ ಚಾಚಿದರೆ ಒಂದು ಮಾರು, ಅದು ಯಾರಿಗೆ ಗೊತ್ತಿಲ್ಲ? ಆದರೆ ಅಳಿಯ ಕೈ ಚಾಚುವಷ್ಟರಲ್ಲಿ ಫೋನು ಬಡಕೊಂಡಿತು. ಎಲ್ಲೋ ಲಿಫ್ಟ್ ನಿಂತು ಒಳಗೆ ಜನ ಕೂಗಾಡುತ್ತಿದ್ದರು. "ಅತ್ತೆ, ಉದ್ದನೆ ಪಟ್ಟಿಗಳ ಮೇಲೆ ಮೂರು ಮಾರಿಗೆ ಗುರುತು ಹಾಕಿಡಿ, ಬಂದು ಕುಯ್ತೀನಿ!" ಎಂದವನೇ ಸ್ಕೂಟರ್ ಹತ್ತಿದ.

ಟೈಲರಮ್ಮ ಸೀಮೆಸುಣ್ಣ ಹಿಡಿದು ನೆಲಕ್ಕೆ ಕೂತರು. ಪಟ್ಟಿಯ ಉದ್ದಕ್ಕೂ ಕೈ ಚಾಚಿದರು, ಒಂದು. ಸರಿದು ಕೂತು ಮತ್ತೆ ಚಾಚಿದರು, ಎರಡು. ಮೂರಕ್ಕೆ ಗೆರೆ ಎಳೆದರು. ಎಳೆದ ಮೇಲೆ ಗೊತ್ತಾಯಿತು, ಮಾರು ಯಾರದ್ದು ಅಂತ! ಅಳಿಯ ಬಾಗಿಲು ತುಂಬುವ ಆಳು, ತಾವು ಒಣಕಲು ಕಡ್ಡಿ.

"ಅಯ್ಯೋ ನನ್ನ ಬುದ್ಧಿಗಿಷ್ಟು," ಎಂದು ಒದ್ದೆ ಬಟ್ಟೆ ತಂದರು, ಒರೆಸಲು. ಬಟ್ಟೆ ಗೆರೆಯ ಹತ್ತಿರ ಹೋಯಿತು, ಅಲ್ಲೇ ನಿಂತಿತು. ಇಷ್ಟು ಉದ್ದದ ದೋಣಿ. ನನ್ನ ಕೈಗೆ ತಕ್ಕಷ್ಟು. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಒಮ್ಮೆ ಹಿಂದೆ ತಿರುಗಿ ನೋಡಿದರು. ಆಮೇಲೆ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಎಸೆದು, ಎರಡನೇ ಪಟ್ಟಿ ಎಳೆದುಕೊಂಡು, ಅದರ ಮೇಲೂ ಅದೇ ಮೂರು ಮಾರು ಹಾಕಿದರು. ಮೊದಲನೆಯದು ತಪ್ಪು. ಎರಡನೆಯದು ತಪ್ಪಲ್ಲ, ಕಳ್ಳತನ.

ಒಂದು ಸಲ ಜಾರಿದ ಮೇಲೆ ಕೇಳಬೇಕೆ? ಕೂರುವ ಬಾಯಿಯ ಅಳತೆಗೆ ಅಳಿಯ ಸಂಕೋಚದಿಂದ ಗೋಡೆ ನೋಡುತ್ತ ನಿಂತ, ಅತ್ತೆ ಸಂಕೋಚದಿಂದ ಸೂರು ನೋಡುತ್ತ ಅವನ ಸೊಂಟಕ್ಕೆ ಟೇಪು ಸುತ್ತಿದರು. ಜೀವಮಾನದಲ್ಲಿ ಮೊದಲ ಸಲ ಟೇಪು ಒಂದು ಹೇಳಿತು, ಅವರ ಬಾಯಿ ಇನ್ನೊಂದು ಹೇಳಿತು. ಅಳಿಯ ಒಂದು ಪ್ರಶ್ನೆ ಕೇಳಲಿಲ್ಲ. ಟೈಲರಮ್ಮನ ಅಳತೆಗೆ ಎದುರುಂಟೆ? "ಯಾರ ಅಳತೆಯಾದರೇನು, ಅಳಿಯ ಅಲ್ಲ, ಮಗಳ ಗಂಡ" ಎಂದು ಟೈಲರಮ್ಮ ತಮಾಷೆಗೆ ಹೇಳಿಕೊಂಡು, ಇಷ್ಟು ನಂಬುವವನಿಗೆ ಹೀಗೆ ಮಾಡಬಹುದೇ ಎಂದು ರಾತ್ರಿ ಹೊರಳಾಡಿ, ಬೆಳಗಾದರೆ ಮತ್ತೆ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಓಡುತ್ತಿದ್ದರು.

ಆ ದಿನಗಳ ಸಡಗರ ಏನು ಹೇಳಲಿ! ಪಕ್ಕೆಲುಬಿನಂಥ ಪಟ್ಟಿಗಳನ್ನು ಬಾಗಿಸಲು ಹಲಗೆಯ ಉದ್ದ ಪೆಟ್ಟಿಗೆ ಮಾಡಿ, ಅದರೊಳಗೆ ಕೆಟಲಿನ ಹಬೆ ಬಿಟ್ಟರು. ಹಬೆ ಕುಡಿದ ಪಟ್ಟಿ ಹೊರಗೆ ಬಂದರೆ ನಾಲ್ಕು ಉಸಿರಿನಷ್ಟೇ ಹೊತ್ತು ಮಾತು ಕೇಳುತ್ತದೆ, ಆಮೇಲೆ ಜಪ್ಪಯ್ಯ ಅಂದರೂ ಬಾಗುವುದಿಲ್ಲ. "ಬಂತು ಬಂತು ಹಿಡೀರಿ ಅತ್ತೆ!" "ಬಿಡಿ ಬಿಡಿ, ಇಲ್ಲಿ ಕೊಡಿ!" "ಅಯ್ಯೋ ಸುಟ್ಟೆ!" ಒಂದು ಲಟ್ಟನೆ ಮುರಿಯಿತು, ಮತ್ತೊಂದೂ ಮುರಿಯಿತು. ಮೂರನೆಯದು ಬಿಲ್ಲಿನ ಹಾಗೆ ಬಾಗಿ ತನ್ನ ತೂತಿನಲ್ಲಿ ಟಕ್ಕೆಂದು ಕೂತಾಗ ಅತ್ತೆ ಅಳಿಯ ಇಬ್ಬರೂ ಚಪ್ಪಾಳೆ ಹೊಡೆದು ಕೂಗಿದ ಕೂಗಿಗೆ ಪಕ್ಕದ ಮನೆಯ ಡ್ರೈವರ್ ಕಾಂಪೌಂಡಿನ ಮೇಲಿಂದ ಇಣುಕಿದ.

"ಏನು ಟೈಲರಮ್ಮ, ಗಂಡೋ ಹೆಣ್ಣೋ?"

"ಇನ್ನೂ ಬರೀ ಎಲುಬು ಕಣಪ್ಪ, ಚರ್ಮ ಬರ್ಲಿ ಹೇಳ್ತೀನಿ!"

ಗಂಟುಗಳೆಲ್ಲ ಟೈಲರಮ್ಮನವೇ. ಮೇಣ ಉಜ್ಜಿದ ದಾರವನ್ನು ಎರಡು ಸುತ್ತು ಸುತ್ತಿ ಎಳೆದರೆ ಮರ ಕಿರ್ರೆನ್ನಬೇಕು, ಹಾಗೆ ಬಿಗಿದರು. ಮಗಳು ದಿನವೂ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದಳು. ಅರ್ಧ ದಾಟಿ ಮುಂದೆ ಹೋದ ಕೆಲಸವನ್ನು ಈ ಗಂಡನಲ್ಲಿ ಅವಳು ನೋಡಿದ್ದು ಅದೇ ಮೊದಲು.

ಎಲುಬುಗೂಡು ನಿಂತ ದಿನ ಅಳಿಯ ಕೂತು ನೋಡಲು ಹೋದ. ಮಡಿಸಿದ ಕಾಲು ಹೋಯಿತು, ತೊಡೆ ಹೋಯಿತು, ಕಾಲು ಚಾಚುವ ಮೊದಲೇ ಸೊಂಟ ಸಿಕ್ಕಿಕೊಂಡಿತು. ಒಳಗೂ ಹೋಗದು, ಹೊರಗೂ ಬಾರದು. ಊರಿಗೆಲ್ಲ ಸಿಕ್ಕಿಕೊಂಡವರನ್ನು ಬಿಡಿಸುವವನು ತನ್ನ ಶೆಡ್ಡಿನಲ್ಲಿ ತಾನೇ ಸಿಕ್ಕಿಕೊಂಡ. ಹೆಂಡತಿ ಒಂದು ಕೈ, ಅತ್ತೆ ಒಂದು ಕೈ ಹಿಡಿದು ಜಗ್ಗಿ ಎಳೆದು ತೆಗೆದರು. ಆಯಿತು, ಈಗ ಎಲ್ಲ ಹೊರಗೆ ಬೀಳುತ್ತದೆ ಎಂದುಕೊಂಡರು ಟೈಲರಮ್ಮ.

ಅಳಿಯ ಹೊಟ್ಟೆ ಸವರಿಕೊಂಡು ನಾಚಿಕೊಂಡ. "ದಪ್ಪ ಆಗಿದೀನಿ ಅಲ್ವಾ ಅತ್ತೆ? ಅಳತೆ ಕೊಟ್ಟಾಗ ಇಷ್ಟಿರಲಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಇಲ್ಲಿ ಕದ್ದವರು ಸುಮ್ಮನಿದ್ದರು, ಕದಿಯದವನು ಹೊಟ್ಟೆ ಮುಟ್ಟಿ ನೋಡಿಕೊಂಡ! "ನಾನು ಬಡಕೊಂಡಿದ್ದೇ ಅದು," ಎಂದು ಹೆಂಡತಿಗೆ ಖುಷಿಯೋ ಖುಷಿ. ಮಾರನೆಯ ದಿನದಿಂದಲೇ ಶುರು. ಬೆಳಿಗ್ಗೆ ನಡಿಗೆ, ಸಂಜೆ ನಡಿಗೆ, ರಾತ್ರಿ ಸೌತೆಕಾಯಿ. ಎರಡನೇ ಸಲ ಬಡಿಸಲು ಟೈಲರಮ್ಮ ಸೌಟು ಎತ್ತಿದರೆ ಅಳಿಯ ತಟ್ಟೆಗೆ ಕೈ ಅಡ್ಡ ಹಿಡಿದು, "ಬೇಡ ಅತ್ತೆ, ದೋಣಿ ನೆನಪಿದೆ" ಎಂದು ನಗುತ್ತಿದ್ದ. ಆ ನಗು ನೋಡಿ ಟೈಲರಮ್ಮ ಸೌಟನ್ನು ಮತ್ತೆ ಪಾತ್ರೆಗೇ ಇಳಿಸುತ್ತಿದ್ದರು. ಹೊಟ್ಟೆ ಕರಗೀತು, ಸೊಂಟದ ಎಲುಬು ಕರಗುವುದುಂಟೆ? ಅದು ಅವರಿಗಲ್ಲದೆ ಇನ್ಯಾರಿಗೆ ಗೊತ್ತು. ತಣ್ಣೀರು ಬಟ್ಟೆ ಅವನ ಹೊಟ್ಟೆಗೆ, ಉರಿ ತಮ್ಮ ಹೊಟ್ಟೆಯಲ್ಲಿ.

ಹೇಳಿಬಿಡೋಣ ಎಂದು ದಿನಕ್ಕೆ ಹತ್ತು ಸಲ ಬಾಯಿ ತೆರೆದರು. ಹೇಳಿದರೆ ಅವನು ಗಂಟುಗಳನ್ನೆಲ್ಲ ಬಿಚ್ಚಿಹಾಕುತ್ತಾನೆ. ಬಿಚ್ಚಿದರೆ ಈ ಆರಂಭಶೂರ ಮತ್ತೆ ಕಟ್ಟುವವನಲ್ಲ. ಕಟ್ಟಿದರೂ ತಮ್ಮ ಅಳತೆಗೆ ಕಟ್ಟುವವರಿಲ್ಲ. ತೆರೆದ ಬಾಯಿ ಮುಚ್ಚಿಕೊಳ್ಳುತ್ತಿತ್ತು.

ಕೊನೆಗೆ ಬಾಯಿ ಬಿಡಿಸಿದ್ದು ಒಂದು ಗೇಣುದ್ದದ ಮರದ ತುಂಡು. ಬಟ್ಟೆ ಹೊದಿಸುವ ಮೊದಲು ಪಾದ ಒತ್ತಿ ಕೂರಲು ಒಳಗೊಂದು ಅಡ್ಡಕಡ್ಡಿ ಕಟ್ಟಬೇಕು. ಅಳಿಯ ನೆಲದ ಮೇಲೆ ಕಾಲು ಚಾಚಿ ಕೂತ. ಅರೆಹೊಟ್ಟೆಯಿಂದ ಮುಖ ಬಾಡಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. "ಅತ್ತೆ, ನನ್ನ ಸೊಂಟದಿಂದ ಅಂಗಾಲಿನವರೆಗೆ ಅಳೀರಿ."

ಟೈಲರಮ್ಮ ಟೇಪು ಹಿಡಿದು ನಿಂತರು. ಮೂತಿಯ ಕಡೆ ಕಿರಿದಾಗುವ ಎಲುಬುಗೂಡಿನೊಳಗೆ ಅಷ್ಟುದ್ದಕ್ಕೆ ಕಾಲು ಚಾಚಿದರೆ ಪಾದಕ್ಕೆ ಜಾಗವೇ ಇರಲಿಲ್ಲ. ಹೊಟ್ಟೆ ದಪ್ಪವಾಯಿತು ಎನ್ನಬಹುದು, ಕಾಲು ಉದ್ದವಾಯಿತು ಎನ್ನಲಾದೀತೇ?

"ಅಳಿಯಂದ್ರೆ, ಎದ್ದು ಊಟ ಮಾಡಿ," ಎಂದರು. "ಈ ದೋಣಿ ನಿಮ್ಮ ಅಳತೇದಲ್ಲ. ನನ್ನದು. ಮಾರು ನಂದು, ಮುಷ್ಟಿ ನಂದು, ಸೊಂಟ ನಂದು. ಮೊದಲನೇ ಗೆರೆ ತಪ್ಪಿ ಬಿತ್ತು. ಆಮೇಲಿಂದೆಲ್ಲ ಬೇಕೂಂತ್ಲೇ ಮಾಡಿದೆ. ನಂಗೆ ನೀರಿಗೆ ಹೋಗ್ಬೇಕು ಅನ್ನಿಸ್ತು, ತುಂಬಾ ಅನ್ನಿಸ್ತು. ಕೇಳೋಕೆ ನಾಚಿಕೆ ಆಯ್ತು, ಈ ವಯಸ್ಸಲ್ಲಿ ಇವಳಿಗೇನು ಅಂತಾರೆ ಅಂತ. ನಿಮ್ಮನ್ನ ಉಪವಾಸ ಕೆಡವಿದೆ. ನನ್ನದು ತಪ್ಪಾಯ್ತು."

ಅಳಿಯ ಅವರನ್ನು ನೋಡಿದ, ದೋಣಿಯನ್ನು ನೋಡಿದ, ತನ್ನ ಕಾಲು ನೋಡಿಕೊಂಡ. "ನನ್ನ ದೋಣಿ ಅಂದ್ಕೊಂಡಿದ್ದೆ," ಎಂದ, ಅಷ್ಟೇ. ಚಪ್ಪಲಿ ಮೆಟ್ಟಿ ಹೊರಗೆ ಹೋದ. ಟೈಲರಮ್ಮ ಕತ್ತರಿ ತಂದು ಎಲುಬುಗೂಡಿನ ಮುಂದೆ ಇಟ್ಟು ಕೂತರು, ಅವನು ಬಂದು ಬಿಚ್ಚುವುದಾದರೆ ಬಿಚ್ಚಲಿ ಎಂದು. ಅತ್ತರು ಕೂಡ.

ಅವನು ಬಂದಾಗ ಹೆಂಡತಿಯೂ ಕೆಲಸದಿಂದ ಬಂದಿದ್ದಳು. ಅಳಿಯ ನೇರ ಅಡುಗೆಮನೆಗೆ ಹೋಗಿ, ತಟ್ಟೆ ಎತ್ತಿಕೊಂಡು ಬಂದು, ಮೇಜಿನ ಮುಂದೆ ಕೂತ. "ಅತ್ತೆ, ಬಡಿಸಿ. ಸಾಕು ಅನ್ನೋವರೆಗೂ ಬಡಿಸಿ."

ಅವನು ಸಾಕು ಎಂದದ್ದು ಪಾತ್ರೆಯ ತಳ ಕಂಡ ಮೇಲೆ. ಆಮೇಲೆ ಕೈ ತೊಳೆದು, ಹೆಂಡತಿಗೆ ಎಲ್ಲ ಹೇಳಿದ. ಹೇಳುವಾಗ ಅರ್ಧಕ್ಕೇ ನಗು ಬಂತು ಅವನಿಗೆ. ಆದರೆ ಮಗಳು ನಗಲಿಲ್ಲ.

"ಅಮ್ಮ ನೀರಿಗಿಳಿಯೋ ಮಾತೇ ಇಲ್ಲ. ಬಿದ್ರೆ?"

"ನೀರಲ್ಲಿ ಬಿದ್ರೆ ಮೂಳೆ ಮುರಿಯುತ್ತಾ?" ಎಂದರು ಟೈಲರಮ್ಮ. "ನೀನು ದಿನಾ ನೋಡೋರೆಲ್ಲ ಬಚ್ಚಲಲ್ಲಿ ಬಿದ್ದೋರು ತಾನೆ? ಕೆರೇಲಿ ಬಿದ್ದು ಎಕ್ಸ್-ರೇಗೆ ಬಂದೋರು ಎಷ್ಟು ಜನ, ಹೇಳು."

"ಕೆರೇಲಿ ಬಿದ್ದೋರು ಎಕ್ಸ್-ರೇಗೆ ಬರಲ್ಲಮ್ಮ, ಬೇರೆ ಕಡೆ ಹೋಗ್ತಾರೆ! ಅಪ್ಪನೂ ಇಲ್ಲ. ಇರೋಳು ನೀನೊಬ್ಳು."

ಟೈಲರಮ್ಮ ಎದ್ದು ತಟ್ಟೆ ತೊಳೆದು ಮಲಗಿದರು.

ಬೆಳಿಗ್ಗೆ ಶೆಡ್ಡಿನಲ್ಲಿ ಅಳಿಯ ಮಂಡಿಯೂರಿ ಕೂತಿದ್ದ. ಕೈಯಲ್ಲಿ ಕತ್ತರಿ ಇರಲಿಲ್ಲ, ಅಡ್ಡಕಡ್ಡಿ ಇತ್ತು. "ಬನ್ನಿ ಅತ್ತೆ, ಒಳಗೆ ಕೂತು ಕಾಲು ಚಾಚಿ. ಅಂಗಾಲು ಎಲ್ಲಿ ಬರುತ್ತೆ ತೋರ್ಸಿ." ಟೈಲರಮ್ಮ ಮನೆಯೊಳಗೆ ಮಗಳಿದ್ದ ಕಡೆ ತಿರುಗಿ ನೋಡಿದರು. "ಅವಳನ್ನ ಆಮೇಲೆ ನೋಡ್ಕೊಳ್ಳೋಣ. ದೋಣಿಯಂತೂ ಅರ್ಧಕ್ಕೆ ನಿಲ್ಲಲ್ಲ. ಇದೊಂದನ್ನ ನಾನು ಮುಗಿಸ್ತೀನಿ."

ಟೈಲರಮ್ಮ ಒಳಗೆ ಕೂತರು. ಸೊಂಟದ ಆಕಡೆ ಈಕಡೆ ಒಂದೊಂದು ಬೆರಳು ಜಾಗ. ಊರಿಗೆಲ್ಲ ಅಳತೆ ತೆಗೆದು ಹೊಲಿದ ಹೆಂಗಸು, ತಮಗೆ ಮಾತ್ರ ಉಳಿದ ತುಂಡುಗಳನ್ನು ಜೋಡಿಸಿ ಹೊಲಿದುಕೊಂಡವರು. ತಮ್ಮ ಮೈಗೆಂದೇ ಅಳೆದು ಕತ್ತರಿಸಿದ ವಸ್ತು ಇದೇ ಮೊದಲು. ಪಾದ ಇಟ್ಟ ಕಡೆ ಅಳಿಯ ಕಡ್ಡಿ ಇಟ್ಟು ಬಿಗಿದ.

ಆಮೇಲೆ ಚರ್ಮ! ನೈಲಾನ್ ಬಟ್ಟೆಯನ್ನು ನೆನೆಸಿ, ಎಲುಬುಗೂಡಿನ ಮೇಲೆ ಎಳೆದು ಹೊದಿಸಿ, ಬೆನ್ನಿನ ಉದ್ದಕ್ಕೂ ಹೊಲಿಗೆ. ಅಳಿಯ ಎರಡೂ ಅಂಚು ಹಿಡಿದು ಜಗ್ಗುವುದು, ಟೈಲರಮ್ಮ ಡೊಂಕು ಸೂಜಿ ನುಗ್ಗಿಸುವುದು. "ಇನ್ನೂ ಎಳೀರಿ!" "ಹರಿದ್ರೆ ಅತ್ತೆ?" "ಹರಿಯೋಕೆ ಬಿಡ್ತೀನಾ ನಾನು? ಎಳೀರಿ!" ಬೆರಳುಗಳು ಕೆಂಪಾದವು. ಒಣಗಿದ ಮೇಲೆ ಬಟ್ಟೆ ಬಿರುಸಾಗಿ ಬಿಗಿದುಕೊಂಡು, ತಟ್ಟಿದರೆ ಡಬ್ ಎಂದಿತು. ಬಣ್ಣದೆಣ್ಣೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಿತು. ಬಿಸಿಲಿಗೆ ಹಿಡಿದರೆ ಒಳಗಿನ ಒಂದೊಂದು ಎಲುಬೂ ಕಾಣುತ್ತಿತ್ತು. ಸಂಜೆ ಮಗಳು ಬಂದು ಅದರ ಮುಂದೆ ನಿಂತಳು, ಬಗ್ಗಿ ನೋಡಿದಳು, ಒಂದು ಎಲುಬಿನ ಮೇಲೆ ಬೆರಳಾಡಿಸಿದಳು.

"ಎಲ್ಲೂ ಬಿರುಕಿಲ್ಲ," ಎಂದಳು. ತಾಯಿಯ ಕಡೆ ತಿರುಗಿದಳು. "ತೇಲೋ ಜಾಕೆಟ್ ಹಾಕ್ಕೋಬೇಕು. ದೋಣಿಗೆ ಹಗ್ಗ ಕಟ್ಟಬೇಕು. ಹಗ್ಗ ನನ್ನ ಕೈಲಿರುತ್ತೆ. ಹಗ್ಗ ಮುಗಿದ ಕಡೆ ನಿನ್ನ ಆಟ ಮುಗೀತು."

"ಆಗ್ಲಿ ಕಣೆ!" ಎಂದು ಟೈಲರಮ್ಮ ಮಗಳ ಕೆನ್ನೆ ಹಿಡಿದು ಅಲ್ಲಾಡಿಸಿದರು.

ಊರಾಚೆಯ ಕೆರೆಗೆ ಅಳಿಯ ದೋಣಿಯನ್ನು ಹೆಗಲ ಮೇಲೆ ಹೊತ್ತೇ ನಡೆದ. ಅಷ್ಟು ಹಗುರ! ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಕೆರೆಯ ಮೆಟ್ಟಿಲ ಬಳಿ ಅವನು ಸೊಂಟದ ಮಟ್ಟ ನೀರಿಗಿಳಿದು ದೋಣಿ ಹಿಡಿದುಕೊಂಡ, ಮಗಳು ಹಗ್ಗ ಹಿಡಿದು ಮೆಟ್ಟಿಲ ಮೇಲೆ ನಿಂತಳು. ತೇಲುವ ಜಾಕೆಟ್ ತೊಟ್ಟ ಟೈಲರಮ್ಮ ಒಂದು ಕಾಲಿಟ್ಟರು. ಇನ್ನೊಂದು ಕಾಲೆತ್ತಿದರು. ದೋಣಿ ಹಾವಿನ ಹಾಗೆ ಹೊರಳಿತು, ಟೈಲರಮ್ಮ ದಬಾರನೆ ನೀರಿಗೆ.

"ಅಮ್ಮಾ!" ಮಗಳು ಚಪ್ಪಲಿ ಸಮೇತ ಧುಮುಕಿದಳು. ಅವಳು ತಲುಪುವಷ್ಟರಲ್ಲಿ ತಲೆ ಮೇಲೆ ಬಂದಿತ್ತು. ಕೂದಲು ಬಿಚ್ಚಿ ಮುಖದ ತುಂಬ ಅಂಟಿಕೊಂಡಿತ್ತು, ಬಾಯಿಂದ ನೀರು ಚಿಮ್ಮುತ್ತಿತ್ತು, ಟೈಲರಮ್ಮ ಕೈಕಾಲು ಬಡಿಯುತ್ತ ನಗುತ್ತಿದ್ದರು. ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. "ತಣ್ಣಗಿದೆ ಕಣೆ! ಅಬ್ಬಾ, ಎಷ್ಟು ತಣ್ಣಗಿದೆ!"

ಮಗಳು ಅವರ ಸೊಂಟ, ಮೊಣಕೈ, ಮಣಿಕಟ್ಟು ಎಲ್ಲ ಒತ್ತಿ ಒತ್ತಿ ನೋಡಿದಳು. ಎಲ್ಲ ನೆಟ್ಟಗಿತ್ತು. ತಾಯಿ ಹೀಗೆ ನಕ್ಕಿದ್ದನ್ನು ತಾನು ಯಾವತ್ತೂ ನೋಡಿಯೇ ಇಲ್ಲ ಎನ್ನಿಸಿ ಅವಳಿಗೆ ಅಳು ಬಂತು. ಅಳುತ್ತಲೇ ದೋಣಿ ಬೋರಲು ಹಾಕಿ ನೀರು ಸುರಿದಳು, ಅಳುತ್ತಲೇ ಗಂಡನಿಗೆ ಬೈದಳು, "ಸರಿಯಾಗಿ ಹಿಡ್ಕೊಳ್ಳೋಕೆ ಬರಲ್ವಾ ರೀ?"

ಎರಡನೇ ಸಲ ಟೈಲರಮ್ಮ ಮೊದಲು ಕೂತು, ಆಮೇಲೆ ಕಾಲು ಎಳೆದುಕೊಂಡರು. ದೋಣಿ ಒಮ್ಮೆ ಓಲಾಡಿ ಸುಮ್ಮನಾಯಿತು. ಅಳಿಯ ಕೈಗೆ ಕೊಟ್ಟ ಹುಟ್ಟು ನೀರಿಗೆ ಇಳಿಯಿತು. ಎಡಕ್ಕೊಂದು, ಬಲಕ್ಕೊಂದು. ಹೊರಟಿತು! ತೆಳು ಬಟ್ಟೆಯ ಆಚೆ ನೀರು ತೊಡೆಯ ಪಕ್ಕದಲ್ಲೇ ಸರಿಯುವುದು ಚರ್ಮಕ್ಕೆ ಗೊತ್ತಾಗುತ್ತಿತ್ತು. "ಹೋಯ್ತು, ಹೋಯ್ತು, ಅತ್ತೆ, ಉದ್ದಕ್ಕೆ ಹೋಯ್ತು!" ಎಂದು ಅಳಿಯ ನೀರಿನಲ್ಲೇ ಕುಣಿದ.

ಅಷ್ಟರಲ್ಲಿ ಹಗ್ಗ ಬಿಗಿಯಿತು. ದೋಣಿ ಗಕ್ಕನೆ ನಿಂತು ಮೂತಿ ತಿರುಗಿಸಿತು. ಟೈಲರಮ್ಮ ಹುಟ್ಟು ಅಡ್ಡ ಇಟ್ಟುಕೊಂಡು ದಡದ ಕಡೆ ನೋಡಿದರು. ಮುಂದೆ ಇಡೀ ಕೆರೆ ಬಿದ್ದಿತ್ತು. ಒಪ್ಪಿಕೊಂಡ ಮಾತು ಮಾತೇ, ಅವರು ಏನೂ ಕೇಳಲಿಲ್ಲ. ಆದರೆ ವಾಪಸು ತಿರುಗಲೂ ಇಲ್ಲ.

ಮಗಳು ಎರಡೂ ಕೈಯಲ್ಲಿ ಹಗ್ಗ ಹಿಡಿದು ನಿಂತಿದ್ದಳು. ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗಂಡನನ್ನು ನೋಡಿದಳು. ಅವನು ಬೇಕೆಂತಲೇ ಆಕಾಶ ನೋಡುತ್ತಿದ್ದ. ಅವಳು ಕೈ ಬಿಚ್ಚಿದಳು. ಹಗ್ಗ ನೀರಿಗೆ ಬಿದ್ದು ದೋಣಿಯ ಹಿಂದೆ ಹರಿದುಕೊಂಡು ಹೋಯಿತು.

"ಅಮ್ಮಾ, ಹುಷಾರು! ದೂರ ಹೋಗ್ಬೇಡ!" ಎಂದು ಕೂಗಿದಳು.

"ಆಯ್ತಮ್ಮಾ!" ಎಂದು ಟೈಲರಮ್ಮ ಕೂಗಿ ಹೇಳಿದರು, ದೂರ ಹೋದರು.